ಗೋಡೆಯತ್ತ ಚಾಚಿದ ಬೆರಳು

ಹದಿನಾಲ್ಕು ತಿಂಗಳ ನಮ್ಮ ಮಗಳು ಕಳೆದ ಕೆಲವು ದಿನಗಳಿಂದ ‘ಆಯ್ಯಿ’ ಎನ್ನತೊಡಗಿದ್ದಾಳೆ. ಧಾರವಾಡದ ಕಡೆಯವರಾದ ನಮ್ಮಲ್ಲಿ ಅಜ್ಜಿಯನ್ನು ಆಯಿ ಎಂದು ಕರೆಯುವುದರಿಂದ ಅಮ್ಮನ ಕಣ್ಣು ತುಂಬಿ ಬಂದವು. ಆದರೆ ಅವಳು ಹಾಗೆನ್ನುವುದು ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ, ಅದೂ ಕತ್ತೆತ್ತಿ, ಟ್ಯೂಬ್‌ಲೈಟಿನ ಕಡೆಗೆ ಬೆರಳು ಚಾಚಿ. ನಾಲ್ಕನೆಯ ಸಂಜೆ ನಾನೂ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅದೇ ದಿಕ್ಕಿಗೆ ನೋಡಿದಾಗ, ಪಟ್ಟಿಯ ಹಿಂದಿನಿಂದ ಹಲ್ಲಿಯೊಂದು ತಲೆ ಹೊರಹಾಕಿತು. ‘ಹ’ಕಾರ ಬಿದ್ದುಹೋಗಿ, ‘ಲ್ಲ’ ಎಂಬುದು ‘ಯ್ಯ’ ಆಗಿ, ‘ಹಲ್ಲಿ’ ಅವಳ ಬಾಯಲ್ಲಿ ‘ಆಯ್ಯಿ’ಯಾಗಿತ್ತು.

ಮಕ್ಕಳಿಗೆ ಪ, ಬ, ಮ ಮೊದಲು ಒಲಿಯುತ್ತವೆ, ಏಕೆಂದರೆ ತುಟಿ ಕೂಡಿಸಿ ಬಿಟ್ಟರೆ ಸಾಕು. ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಹೇಳಬೇಕಾದ ‘ಳ’ಕಾರ, ಅದರಂತೆಯೇ ‘ರ’ಕಾರ, ಸಾಮಾನ್ಯವಾಗಿ ಬಹಳ ತಡವಾಗಿ ಬರುತ್ತವೆ. ನಮ್ಮ ಹಿರಿಯರು ಇದನ್ನು ಬಲ್ಲವರಂತೆಯೇ ಮಮ್ಮು, ಬುವ್ವ, ತಾಚಿ, ಚೀಚಿ ಎಂಬ ಮಾತುಗಳನ್ನು ಕಟ್ಟಿಕೊಟ್ಟಿದ್ದಾರೆ, ಅವುಗಳಲ್ಲಿ ಮಗುವಿನ ನಾಲಿಗೆ ತೊಡರುವ ಅಕ್ಷರ ಒಂದೂ ಇಲ್ಲ.

ಅವಳ ‘ಬಾ’ ಇನ್ನೂ ನನಗೆ ಪೂರ್ತಿ ಬಿಡಿಸಲು ಬಂದಿಲ್ಲ. ಬಾಳೆಹಣ್ಣು, ಬಾಗಿಲು, ಬಾ ಎಂಬ ಕರೆ, ಮೂರಕ್ಕೂ ಅದೊಂದೇ. ಆದರೂ ಬಾಗಿಲಿನ ‘ಬಾ’ ಕೊಂಚ ಉದ್ದವಾಗಿರುತ್ತದೆ, ಅದನ್ನು ಹೇಳುವಾಗ ಅವಳ ಕೈ ನನ್ನ ಚಪ್ಪಲಿಯ ಮೇಲಿರುತ್ತದೆ.

ಅಮ್ಮನಿಗೆ ಹಲ್ಲಿಯ ವಿಷಯವನ್ನು ನಾನಿನ್ನೂ ಹೇಳಿಲ್ಲ.