ಗಾಡಿ ಬಾಗಿಲಲ್ಲಿ ರಸೀದಿ ಬುಕ್ ಇಡಬೇಡಿ

ಪಕ್ಕದ ತಾಲ್ಲೂಕಿನ ಪಿಡಿಒ ಒಬ್ಬರು ಮೊನ್ನೆ ಫೋನ್ ಮಾಡಿದ್ದರು. ಅವರ ಪಂಚಾಯಿತಿಗೆ ಆಂಬುಲೆನ್ಸ್ ಬರುತ್ತಿದೆಯಂತೆ. "ನಿಮ್ಮ ಹತ್ರ ದರಪಟ್ಟಿ ಇದೆಯಲ್ಲ ಮೇಡಂ, ಆ ನಡಾವಳಿ ವಾಟ್ಸಾಪ್ ಮಾಡಿ, ನಾವೂ ಹಾಗೇ ಮಾಡ್ಕೋತೀವಿ" ಎಂದರು. ನಾನು ನಡಾವಳಿ ಕಳಿಸಲಿಲ್ಲ. ಯಾಕೆ ಕಳಿಸಲ್ಲ ಅಂತ ತುಂಬಾ ಹೊತ್ತು ಮಾತಾಡಿದೆ. ಮಂಡ್ಯ ಕಡೆಯ ಬೇರೆ ಪಂಚಾಯಿತಿಯವರಿಗೂ ಬೇಕಾಗಬಹುದು ಎಂದು ಆ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗಾಡಿ ಕೊಡುವವರು ಸಿಗುತ್ತಾರೆ. ದಾನಿಗಳು ಕೊಡುತ್ತಾರೆ, ಶಾಸಕರ ನಿಧಿಯಿಂದ ಬರುತ್ತದೆ. ಪೂಜೆ ಆಗುತ್ತದೆ, ಬಾವುಟ ತೋರಿಸುತ್ತಾರೆ, ಫೋಟೊ ಬರುತ್ತದೆ. ಮಾರನೇ ದಿನದಿಂದ ಡ್ರೈವರ್ ಸಂಬಳ, ಇನ್ಶೂರೆನ್ಸ್, ಎಫ್‌ಸಿ, ಟೈರು, ಆಕ್ಸಿಜನ್ ಸಿಲಿಂಡರ್ ತುಂಬಿಸುವುದು ಎಲ್ಲ ಪಂಚಾಯಿತಿ ತಲೆಮೇಲೆ. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ. 40ರಲ್ಲಿ ಸಂಬಳ ಕೊಡುವ ಹಾಗಿರಲಿಲ್ಲ. ಹಾಗಾಗಿ ಸಾಮಾನ್ಯ ಸಭೆಯಲ್ಲಿ ದರ ಇಟ್ಟೆವು. ಕಿಲೋಮೀಟರ್ ಲೆಕ್ಕ. ಪಂಚಾಯಿತಿ ವ್ಯಾಪ್ತಿಯವರಿಗೆ ಒಂದು ದರ, ಹೊರಗಿನವರಿಗೆ ಜಾಸ್ತಿ. ಮುಂಗಡ ಕಟ್ಟಿ ರಸೀದಿ ಆದಮೇಲೆ ಗಾಡಿ ಹೊರಡಬೇಕು. ಗೋಡೆಗೆ ಬೋರ್ಡ್ ಬರೆಸಿದೆವು. ಆಗ ಯಾರೂ ತಕರಾರು ಮಾಡಲಿಲ್ಲ. ನನಗೂ ಸರಿ ಅನ್ನಿಸಿತ್ತು. ನೀರಿನ ಕರ ತಗೋತೀವಿ, ಇದಕ್ಕೂ ತಗೊಂಡರೆ ಏನು ಎಂಬ ಲೆಕ್ಕ.

ಡಿಸೆಂಬರ್‌ನ ಒಂದು ಸಂಜೆ ಆಫೀಸಿನಲ್ಲಿ ಕೂತು ಡಿಸಿಬಿ, ಅಂದರೆ ಕರದ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕ ನೋಡುತ್ತಿದ್ದೆ. ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದಿದ್ದ ಗ್ಯಾಂಗಿನವರು ಒಬ್ಬನನ್ನು ಬೈಕಿನಲ್ಲಿ ಮಧ್ಯೆ ಕೂರಿಸಿಕೊಂಡು ಬಂದರು. ಕಬ್ಬಿನ ತರಗಿನಲ್ಲಿ ಕಾಲಿಟ್ಟಾಗ ಹಾವು ಕಚ್ಚಿದೆ. "ಕೊಳಕುಮಂಡಲ" ಎಂದ ಜೊತೆಯವನು. ಪಾದ ಆಗಲೇ ಊದಿತ್ತು. ಕಚ್ಚಿದ ಜಾಗದಿಂದ ರಕ್ತ ಜಿನುಗುತ್ತಲೇ ಇತ್ತು, ನಿಲ್ಲುತ್ತಿರಲಿಲ್ಲ.

108ಕ್ಕೆ ಅವರು ಮೊದಲೇ ಫೋನ್ ಮಾಡಿದ್ದರು. ಹೋಬಳಿಯ ಗಾಡಿ ಇನ್ನೊಂದು ಕೇಸ್ ತಗೊಂಡು ಮೈಸೂರಿಗೆ ಹೋಗಿತ್ತು. ದೂರದ ಗಾಡಿ ಬರಬೇಕಿತ್ತು. ನಮ್ಮ ಗಾಡಿ ಮಾತ್ರ ಅಲ್ಲೇ, ಧ್ವಜಕಂಬದ ಪಕ್ಕ ನಿಂತಿತ್ತು. ಡ್ರೈವರ್ ಓಡಿ ಬಂದ, ಹಿಂದಿನ ಬಾಗಿಲು ತೆಗೆದ, ಸ್ಟ್ರೆಚರ್ ಎಳೆದ. ಆಮೇಲೆ ನಿಂತ. "ಮೇಡಂ, ರಸೀದಿ?"

ಅವನನ್ನು ಬೈಯಲಾರೆ. ಲಾಗ್ ಬುಕ್ಕಿನ ಕಿಲೋಮೀಟರಿಗೂ ರಸೀದಿಗೂ ತಾಳೆ ಇಲ್ಲ ಎಂದು ಹಿಂದಿನ ಆಡಿಟ್‌ನಲ್ಲಿ ಆಕ್ಷೇಪಣೆ ಬಂದಿತ್ತು. ವ್ಯತ್ಯಾಸ ಬಂದರೆ ನಿನ್ನ ಸಂಬಳದಲ್ಲಿ ಹಿಡಿಯುತ್ತೇವೆ ಎಂದು ಅವನಿಗೆ ಹೇಳಲಾಗಿತ್ತು. ರಸೀದಿ ಬುಕ್ ಬಿಲ್ ಕಲೆಕ್ಟರ್ ಬೀರುವಿನಲ್ಲಿ. ಬಿಲ್ ಕಲೆಕ್ಟರ್ ವಸೂಲಿಗೆ ಹೋಗಿದ್ದರು, ಫೋನ್ ಸಿಗಲಿಲ್ಲ. ಆನ್‌ಲೈನಲ್ಲಿ ಹಾಕೋಣ ಎಂದರೆ ತಂತ್ರಾಂಶದಲ್ಲಿ ಆಂಬುಲೆನ್ಸ್ ಶುಲ್ಕಕ್ಕೆ ಲೆಕ್ಕ ಶೀರ್ಷಿಕೆಯೇ ಇಲ್ಲ. ಇತರೆ ಸ್ವೀಕೃತಿ ಅಂತ ಹಾಕಬೇಕು, ಅದಕ್ಕೆ ಓಟಿಪಿ ಬರಬೇಕು.

ಇಷ್ಟರಲ್ಲಿ ಹಾವು ಕಚ್ಚಿಸಿಕೊಂಡವನ ಹೆಂಡತಿಯನ್ನು ನೋಡಿದೆ. ಗಂಡನ ಹತ್ತಿರ ಇರಲಿಲ್ಲ. ಬೋರ್ಡ್ ಮುಂದೆ ನಿಂತಿದ್ದಳು. ಯಾರೋ ಓದಿ ಹೇಳಿದ್ದರು. ಹೊರಗಿನವರ ದರ, ಮಂಡ್ಯಕ್ಕೆ ಎಷ್ಟು ಕಿಲೋಮೀಟರ್, ಹೋಗಿ ಬರಲು ಎಷ್ಟು. ಗ್ಯಾಂಗಿನ ಒಬ್ಬೊಬ್ಬರ ಹತ್ತಿರವೂ ಕೈ ಚಾಚುತ್ತಿದ್ದಳು. ನೋಟು ಎಣಿಸಿ ಮತ್ತೆ ಎಣಿಸಿ ನನ್ನ ಕಡೆ ಬಂದಳು. "ಅಕ್ಕಾ, ಇಷ್ಟೇ ಐತ್ರಿ. ಉಳಿದಿದ್ದು ಮೇಸ್ತ್ರಿ ಬಂದ್ ಕೊಡ್ತಾನ್ರಿ."

ಅವಳನ್ನು ಯಾರೂ ದುಡ್ಡು ಕೇಳಿರಲಿಲ್ಲ. ಬೋರ್ಡ್ ಕೇಳಿತ್ತು.

ಒಂದು ಬಿಳಿ ಹಾಳೆಯಲ್ಲಿ "ನನ್ನ ಜವಾಬ್ದಾರಿಯಲ್ಲಿ ಕಳಿಸುತ್ತಿದ್ದೇನೆ" ಎಂದು ಬರೆದು ಸೀಲ್ ಒತ್ತಿ ಡ್ರೈವರ್ ಕೈಗೆ ಕೊಟ್ಟೆ. ಗಾಡಿ ಹೊರಟಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಎಎಸ್‌ವಿ ಎಂಬ ಹಾವಿನ ವಿಷದ ಮದ್ದು ಶುರು ಮಾಡಿ, ಅಲ್ಲಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಕಳಿಸಿದರು. ಆತ ಉಳಿದ. ಆದರೆ ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಕಿಡ್ನಿಗೂ ಹೊಡೆತ ಕೊಡುತ್ತದೆ. ಮದ್ದು ಬೇಗ ಸಿಕ್ಕಷ್ಟೂ ಒಳ್ಳೆಯದು. ಸರಕಾರಿ ಆಸ್ಪತ್ರೆಯಲ್ಲಿ ಆ ಮದ್ದಿಗೆ ದುಡ್ಡಿಲ್ಲ. 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ನಮ್ಮ ಸರಕಾರ ಘೋಷಿಸಿತು, ಪ್ರತಿ ಕೇಸೂ ವರದಿ ಆಗಬೇಕು. ಮದ್ದು ಬಿಟ್ಟಿ, ಡಾಕ್ಟರು ಬಿಟ್ಟಿ, ಹಾಸಿಗೆ ಬಿಟ್ಟಿ. ಅಲ್ಲಿಗೆ ಹೋಗುವ ದಾರಿಗೆ ಮಾತ್ರ ನಾವು ದುಡ್ಡು ಕೇಳುತ್ತಿದ್ದೆವು.

ಆಮೇಲೆ ಲಾಗ್ ಬುಕ್ ತೆಗೆದು ಕೂತೆ. ದರ ಇಟ್ಟ ಮೇಲೆ ಎದೆನೋವಿನ ಕೇಸ್‌ಗಳು ರಾತ್ರಿ ಹೊತ್ತು ಬರುವುದು ಕಮ್ಮಿಯಾಗಿತ್ತು, ಬೆಳಗಿನ ಜಾವ ಬರುವುದು ಜಾಸ್ತಿಯಾಗಿತ್ತು. ಆಶಾ ಕಾರ್ಯಕರ್ತೆಯರನ್ನು ಕೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. "ಗ್ಯಾಸ್ ಇರ್ಬೇಕು ಬುಡಿ, ಬೆಳಿಗ್ಗೆ ಬಸ್ಸಲ್ಲಿ ಹೋಗವ ಅಂತಾರೆ ಮೇಡಂ" ಎಂದರು. ವಯಸ್ಸಾದ ಹೆಂಗಸರೇ ಹೀಗೆ ಹೇಳುವುದು ಜಾಸ್ತಿ. ಮಕ್ಕಳಿಗೆ ಖರ್ಚು ಯಾಕೆ ಅಂತ. ದರ ಇಟ್ಟರೆ ಬೇಡದವರು ಬರಲ್ಲ ಎಂದುಕೊಂಡಿದ್ದೆವು. ದೂರ ಉಳಿದವರು ಬೇಡದವರಲ್ಲ, ದುಡ್ಡಿಲ್ಲದವರು.

ಹೋಗಲಿ, ದುಡ್ಡಾದರೂ ಹುಟ್ಟಿತಾ? ಅದೂ ಇಲ್ಲ. ಕಿಲೋಮೀಟರ್ ದರದಲ್ಲಿ ಡೀಸೆಲ್ ಹುಟ್ಟಿತು, ಅಷ್ಟೆ. ಆಂಬುಲೆನ್ಸಿನ ದೊಡ್ಡ ಖರ್ಚು ಓಡುವುದರಲ್ಲಿ ಇಲ್ಲ, ಸಿದ್ಧವಾಗಿ ನಿಂತಿರುವುದರಲ್ಲಿ ಇದೆ. ಯಾರೂ ಕರೆಯದ ದಿನವೂ ಡ್ರೈವರ್ ಇರಲೇಬೇಕು, ಇನ್ಶೂರೆನ್ಸ್ ಓಡುತ್ತಲೇ ಇರುತ್ತದೆ. ನಮ್ಮ ಕಡೆ ನೀರುಗಂಟಿಗೆ ಊರಿನ ಗದ್ದೆಯವರೆಲ್ಲ ಸೇರಿ ಸುಗ್ಗಿಯಲ್ಲಿ ಪಾಲು ಕೊಡುತ್ತಿದ್ದರು. ಅವನು ಇವತ್ತು ಯಾರ ಗದ್ದೆಗೆ ನೀರು ಕಟ್ಟಿದ ಅಂತ ನೋಡಿ ಕೊಡುತ್ತಿರಲಿಲ್ಲ. ಆಂಬುಲೆನ್ಸಿಗೂ ಅದೇ ಸರಿ. ಎಲ್ಲರಿಂದಲೂ ಸ್ವಲ್ಪ ಸ್ವಲ್ಪ, ಮೊದಲೇ, ಆರೋಗ್ಯವಾಗಿ ಇರುವಾಗ.

ಇನ್ನೊಂದು ವಿಷಯ ಸದಸ್ಯರಿಗೂ ಹೊಳೆದಿರಲಿಲ್ಲ. ಮನೆ ಕಂದಾಯದ ಮೇಲೆ ನಾವು ಶೇ. 15 ಆರೋಗ್ಯ ಕರ ಹಾಕಿ ವಸೂಲಿ ಮಾಡುತ್ತೇವೆ. ಬೇಡಿಕೆ ಚೀಟಿಯಲ್ಲಿ ಅಚ್ಚಾಗಿದೆ. ಆ ಹಣ ಮೇಲಕ್ಕೆ ಹೋಗುತ್ತದೆ, ನಮ್ಮ ಕೈಗೆ ಉಳಿಯುವುದಿಲ್ಲ, ಸರಿ. ಆದರೆ ಕಟ್ಟುವ ಮನುಷ್ಯನಿಗೆ ಮೇಲೆ ಕೆಳಗೆ ಗೊತ್ತಿಲ್ಲ. ಆರೋಗ್ಯದ ಹೆಸರಲ್ಲಿ ಒಂದು ಸಲ ಕೊಟ್ಟವನನ್ನು ಎದೆ ಹಿಡಿದುಕೊಂಡು ಬಂದಾಗ ಇನ್ನೊಂದು ಸಲ ಕೇಳುವುದು ನ್ಯಾಯ ಅಲ್ಲ.

"ಬಿಟ್ಟಿ ಕೊಟ್ರೆ ಸಂತೆಗೂ ಗಾಡಿ ಕರೀತಾರೆ" ಎಂದು, ದರ ತೆಗೆಯುವ ಮಾತು ಬಂದ ಸಭೆಯಲ್ಲಿ ಒಬ್ಬ ಹಿರಿಯ ಸದಸ್ಯರು ಹೇಳಿದರು. ಪೂರ್ತಿ ಸುಳ್ಳಲ್ಲ. ಜಪಾನಿನ ಮತ್ಸುಸಾಕ ಎಂಬ ಊರಲ್ಲೂ ಇದೇ ತೊಂದರೆ ಇತ್ತು. 2024ರ ಜೂನ್‌ನಿಂದ ಅಲ್ಲಿ ಆಂಬುಲೆನ್ಸಲ್ಲಿ ಬಂದು ಅಡ್ಮಿಟ್ ಆಗದವರಿಂದ ದೊಡ್ಡ ಆಸ್ಪತ್ರೆಗಳು 7,700 ಯೆನ್ ತಗೊಳ್ಳುತ್ತಿವೆ. ಆದರೆ ಅಲ್ಲಿ ಗಾಡಿ ಮೊದಲು ಬರುತ್ತದೆ, ಡಾಕ್ಟರ್ ನೋಡುತ್ತಾರೆ, ದುಡ್ಡಿನ ಮಾತು ಕೊನೆಗೆ. ಅಮೆರಿಕದ ದಾರಿ ಬೇರೆ. ಅಲ್ಲಿ ಎಷ್ಟೋ ಊರುಗಳ ಸ್ಥಳೀಯ ಆಡಳಿತವೇ ಆಂಬುಲೆನ್ಸ್ ಓಡಿಸಿ ಬಿಲ್ ಕಳಿಸುತ್ತದೆ. ರೋಗಿಗೆ ಅನಿರೀಕ್ಷಿತ ಬಿಲ್ ಬೀಳದಂತೆ 2022ರಲ್ಲಿ ಜಾರಿಗೆ ಬಂದ ಕಾನೂನು ಕೂಡ ಹೆಲಿಕಾಪ್ಟರ್ ಆಂಬುಲೆನ್ಸನ್ನು ಸೇರಿಸಿಕೊಂಡು ರಸ್ತೆಯ ಆಂಬುಲೆನ್ಸನ್ನು ಬಿಟ್ಟುಬಿಟ್ಟಿತು.

ನಮ್ಮಲ್ಲಿ 108 ಶುರುವಾದದ್ದು 2008ರ ನವೆಂಬರ್ 1ರಂದು. ಅಂದಿನಿಂದ ಉಚಿತ. ಬಾಣಂತಿ, ಮಗುವನ್ನು ಮನೆಗೆ ಬಿಡುವ ನಗು-ಮಗು ಗಾಡಿಯೂ ಉಚಿತ. 1996ರಲ್ಲಿ ಪಶ್ಚಿಮ ಬಂಗಾಳದ ಒಂದು ಕೇಸಿನಲ್ಲಿ, ದುಡ್ಡಿಲ್ಲ ಎಂಬ ಕಾರಣ ಕೊಟ್ಟು ತುರ್ತು ಚಿಕಿತ್ಸೆಯ ಹೊಣೆಯಿಂದ ಸರಕಾರ ತಪ್ಪಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ರೋಗಿಯನ್ನು ಸಾಗಿಸುವ ವ್ಯವಸ್ಥೆಯ ಮಾತೂ ಆ ತೀರ್ಪಿನಲ್ಲಿದೆ. ಪಂಚಾಯಿತಿಯೂ ಸರಕಾರವೇ, ಅಲ್ವಾ?

ಸಭೆಯಲ್ಲಿ ಜೋರು ಗಲಾಟೆ ಆಯಿತು. ಕೊನೆಗೆ ತುರ್ತು ಕೇಸ್‌ಗಳಿಗೆ ದರ ತೆಗೆದೆವು. ಊರಿನವರು, ಹೊರಗಿನವರು ಎಂಬ ಭೇದವನ್ನೂ ತೆಗೆದೆವು. ನಮ್ಮೂರ ಕಬ್ಬು ಕಡಿಯುವಾಗ ಹಾವು ಕಚ್ಚಿಸಿಕೊಂಡವನು ಹೊರಗಿನವನು ಹೇಗಾಗುತ್ತಾನೆ? ಡಿಸ್ಚಾರ್ಜ್ ಆಗಿ ಮನೆಗೆ ಬರುವವರಿಗೆ, ಸ್ಕ್ಯಾನಿಂಗ್‌ಗೆ ಹೋಗುವವರಿಗೆ ಮಾತ್ರ ಡೀಸೆಲ್ ಖರ್ಚಿನಷ್ಟು ದರ ಉಳಿಯಿತು. ಅದನ್ನೂ ಆಮೇಲೆ ಕಟ್ಟಬಹುದು. ಸಂಬಳ, ಇನ್ಶೂರೆನ್ಸ್ ಸ್ವಂತ ಸಂಪನ್ಮೂಲದ ಆಯವ್ಯಯಕ್ಕೆ ಹೋಯಿತು. ಬೋರ್ಡ್ ಅಳಿಸಿ ಡ್ರೈವರ್ ನಂಬರ್ ಮಾತ್ರ ದೊಡ್ಡದಾಗಿ ಬರೆಸಿದೆವು.

ಇದರಿಂದ ಬಿಲ್ ಕಲೆಕ್ಟರ್ ಮೇಲೆ ಒತ್ತಡ ಜಾಸ್ತಿಯಾಗಿದೆ, ಅದು ನಿಜ. ಮನೆ ಕಂದಾಯ ಬರದಿದ್ದರೆ ಗಾಡಿ ನಿಲ್ಲುತ್ತದೆ. ಬಡವರು ಹೇಗೋ ಕಟ್ಟುತ್ತಾರೆ. ಬಾಕಿ ಇರುವುದು ಮೊಬೈಲ್ ಟವರ್, ಲೇಔಟ್, ಕೋಳಿ ಫಾರಂನವರದ್ದು. ಅವರಿಗೆ ನೋಟಿಸ್ ಕೊಡಿ ಎಂದರೆ ಮೇಲಿನಿಂದ ಫೋನ್ ಬರುತ್ತದೆ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಮಾತ್ರ ವಸೂಲಾತಿ ಯಾಕೆ ಕಮ್ಮಿ ಅಂತ ನಮ್ಮನ್ನೇ ನಿಲ್ಲಿಸಿ ಕೇಳುತ್ತಾರೆ.

ರಾತ್ರಿ ಪಾಳಿಗೆ ಇನ್ನೊಬ್ಬ ಡ್ರೈವರ್ ಇನ್ನೂ ಸಿಕ್ಕಿಲ್ಲ. ಈಗಿರುವವನೇ ಹಗಲೂ ರಾತ್ರಿಯೂ ಓಡಿಸುತ್ತಾನೆ, ಅದು ಅವನಿಗೂ ರೋಗಿಗೂ ಒಳ್ಳೆಯದಲ್ಲ. ಟವರ್ ಬಾಕಿ ವಸೂಲಾದ ದಿನ ಮೊದಲು ಮಾಡುವ ನೇಮಕ ಅದು. ಪಂಚಾಯಿತಿಯ ವರ್ಷದ ಲೆಕ್ಕ ನೋಡುವ ಈ ಸಲದ ಜಮಾಬಂದಿ ಸಭೆಯಲ್ಲಿ ಬಾಕಿದಾರರ ಪಟ್ಟಿಯನ್ನು ಎಲ್ಲರ ಮುಂದೆ ಓದುತ್ತೇನೆ.