ಎಕ್ಸ್‌ರೇ ಟೆಕ್ ಓದೋದಾ, ಸಾಲ ಎಷ್ಟಾಗತ್ತೆ?

ಗ್ರೀನ್ ಕಾರ್ಡ್ ಬಂದ್ಮೇಲೆ ನಾನೂ ಏನಾದ್ರೂ ಓದ್ಬೇಕು ಅಂತ ತಲೇಲಿ ಹುಳ ಬಿಟ್ಕೊಂಡಿದ್ದೆ, ಕೊನೆಗೆ ರೇಡಿಯಾಲಜಿ ಟೆಕ್, ಅಂದ್ರೆ ಆಸ್ಪತ್ರೆಲಿ ಎಕ್ಸ್‌ರೇ ತೆಗೆಯೋರ ಅಸೋಸಿಯೇಟ್ ಡಿಗ್ರಿಗೆ (ಎರಡು ವರ್ಷದ ಕೋರ್ಸು) ಬಂದು ನಿಂತೆ. ಇಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ 2023ರ ಸರ್ಕಾರಿ ಲೆಕ್ಕದಲ್ಲಿ ಮೀಡಿಯನ್ ಸಂಬಳ (ಅರ್ಧ ಜನಕ್ಕೆ ಇದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಮ್ಮಿ) ವರ್ಷಕ್ಕೆ 73 ಸಾವಿರ ಡಾಲರ್ ಚಿಲ್ರೆ. ನೋಡಿದ್ರೆ ಬಾಯಲ್ಲಿ ನೀರು ಬರತ್ತೆ, ಆದ್ರೆ ಅದು ಹತ್ತಾರು ವರ್ಷ ದುಡಿದವ್ರನ್ನೂ ಸೇರಿಸಿದ ಲೆಕ್ಕ, ಹೊಸಬ್ರಿಗೆ ಮೊದಲ ದಿನವೇ ಯಾರು ಅಷ್ಟು ಕೊಡ್ತಾರೆ?

ಒಂದು ಪ್ರೈವೇಟ್ ಕಾಲೇಜಿನವ್ರು ಫೋನ್ ಮೇಲೆ ಫೋನ್ ಮಾಡಿ "ಲೋನ್ ನಾವೇ ಮಾಡಿಸ್ತೀವಿ" ಅಂದ್ರು. ಫೀಸ್ 46 ಸಾವಿರ! ಕಮ್ಯುನಿಟಿ ಕಾಲೇಜಲ್ಲಿ (ಊರಿನ ಸರ್ಕಾರಿ ಕಾಲೇಜು) ಪುಸ್ತಕ, ಯೂನಿಫಾರ್ಮ್ ಎಲ್ಲಾ ಸೇರಿ 13 ಸಾವಿರ. ಎರಡೂ ಕಡೆ ಓದಿದವ್ರು ಬರೆಯೋದು ಈ ಕೆಲಸದ ಸರ್ಟಿಫಿಕೇಟ್‌ಗಿರೋ ಅದೇ ಎಆರ್‌ಆರ್‌ಟಿ ಪರೀಕ್ಷೆ, ಮತ್ಯಾಕೆ 33 ಸಾವಿರ ಜಾಸ್ತಿ?

ಆದ್ರೆ ಕಮ್ಯುನಿಟಿ ಕಾಲೇಜಲ್ಲಿ ಸೀಟು ಕಮ್ಮಿ, ವೇಟಿಂಗ್ ಲಿಸ್ಟು. ಅದಕ್ಕಿಂತ ಕ್ಲಿನಿಕಲ್ಸ್, ಅಂದ್ರೆ ಕೋರ್ಸಿನ ಆಸ್ಪತ್ರೆ ತರಬೇತಿ, ದೊಡ್ಡ ತಲೆನೋವು, ಆಸ್ಪತ್ರೆಲಿ ದಿನವಿಡೀ ನಿಂತ್ಕೊಂಡು ಮಾಡಿದ್ರೂ ನಯಾಪೈಸೆ ಇಲ್ಲ, ಈಗಿರೋ ಅಂಗಡಿ ಕೆಲ್ಸಾನೂ ಬಿಡ್ಬೇಕು. ಆ ಹೋದ ಸಂಬಳಾನೂ ಸಾಲದ ಕೆಳಗೇ ಬರೆದೆ. ನಮ್ಮನೆಯವ್ರು ಲೆಕ್ಕದ ಚೀಟಿ ನೋಡಿ "ಇದ್ಯಾಕೆ ಸಾಲ?" ಅಂದ್ರು. ಕೈಗೆ ಬರ್ದೇ ಇರೋ ದುಡ್ಡು ಮತ್ತೇನ್ರಿ?

ಅರ್ಜಿ ಕಮ್ಯುನಿಟಿ ಕಾಲೇಜಿಗೇ ಹಾಕಿದೀನಿ. ಆ ಪ್ರೈವೇಟಿನವ್ರು ನಿನ್ನೇನೂ ಫೋನ್ ಮಾಡಿದ್ರು.