ಹಿಡಿಕೆ ತಿರುಗಿತು, ಅಂಕಿ ಅಲುಗಲಿಲ್ಲ

ಓಣಿಯ ಹಿಟ್ಟಿನ ಗಿರಣಿಯ ಶಾಫ್ಟ್ ಕೆಡಿಸಿದ ದಿನವೇ, ಲೋಹವನ್ನು ತಿರುಗಿಸಿ ಕಡೆಯುವ ನನ್ನ ಲೇತಿಗೆ ಡಿ.ಆರ್.ಒ. (ಡಿಜಿಟಲ್ ರೀಡ್‌ಔಟ್, ಟೂಲ್ ಎಷ್ಟು ಸರಿಯಿತೆಂದು ಅಂಕಿಯಲ್ಲಿ ತೋರಿಸುವ ಸಾಧನ) ಹಾಕಿಸಬೇಕೆಂದು ನಿರ್ಧರಿಸಿದೆ. 6205 ಬೇರಿಂಗ್ ಕೂರುವ ಜಾಗ ಅದು, ವ್ಯಾಸ 25 ಮಿ.ಮೀ. ಬರಬೇಕಿತ್ತು. ಕೊನೆಯ ಕಟ್ ಹೆಚ್ಚಾಗಿ ಬೇರಿಂಗ್ ಸಡಿಲವಾಯಿತು. ಗಿರಣಿಯ ಅಕ್ಕ ಏನೂ ಅನ್ನಲಿಲ್ಲ, ಪೇಟೆಯಲ್ಲಿ ಬೇರೆ ಮಾಡಿಸಿಕೊಂಡರು. ಆ ಎರಡು ದಿನ ಗಿರಣಿಗೆ ಬೀಗ ಬಿದ್ದದ್ದು ನನಗೆ ಬಹಳ ಚುಚ್ಚಿತು.

ಅನಗೋಳದ ನಮ್ಮ ಮನೆಯ ಹಿತ್ತಲ ಶೆಡ್ಡಿನಲ್ಲಿರುವ ಲೇತ್ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ದುಡಿದು ಬಂದದ್ದು. ಬೆಡ್ ಗಟ್ಟಿ, ಸ್ಪಿಂಡಲ್ ನೆಟ್ಟಗಿದೆ. ಟೂಲನ್ನು ಒಳಗೆ-ಹೊರಗೆ ಸರಿಸುವ ಕ್ರಾಸ್ ಸ್ಲೈಡಿನ ಸ್ಕ್ರೂ, ನಟ್ ಮಾತ್ರ ಸವೆದಿವೆ; ಡಯಲಿನ ಗೆರೆಗಳೂ ಅರ್ಧ ಅಳಿಸಿವೆ. ಡಿ.ಆರ್.ಒ.ಗೆ ಈ ಸ್ಕ್ರೂವಿನ ಹಂಗಿಲ್ಲ. ಗಾಜಿನ ಪಟ್ಟಿಯ ಮೇಲೆ 0.02 ಮಿ.ಮೀ.ಗೊಂದು ಗೆರೆ, ಅವುಗಳ ಮೇಲೆ ಸರಿಯುವ ರೀಡರ್ ಹೆಡ್ ಬೆಳಕು-ನೆರಳನ್ನು ಎಣಿಸಿ, ಒಂದೊಂದು ಅಂತರವನ್ನೂ ನಾಲ್ಕಾಗಿ ಒಡೆದು 5 ಮೈಕ್ರಾನಿನವರೆಗೆ, ಅಂದರೆ 0.005 ಮಿ.ಮೀ.ವರೆಗೆ, ಹೇಳುತ್ತದೆ.

ಆಷಾಢದ ಒಂದು ಭಾನುವಾರ, ಹೊರಗೆ ಮಳೆ ಹಿಡಿದುಕೊಂಡಿತ್ತು. ಡಿಪ್ಲೊಮಾ ಓದುವ ಮಗಳು ಟಾರ್ಚ್ ಹಿಡಿದು ನಿಂತಳು. ಆ ಗಾಜಿನ ಪಟ್ಟಿಯಿರುವ ಸ್ಕೇಲನ್ನು ಕ್ರಾಸ್ ಸ್ಲೈಡಿನ ಬದಿಗೆ, ಕಂಬಿ ಹಿಡಿದು ತಿರುಗಿಸುವ ಚಕ್ ಕಡೆಗೆ ಕೂರಿಸಿದರೆ ಬಿಸಿ ಚೂರುಗಳು ನೇರ ಅದರ ಮೇಲೆಯೇ ಬೀಳುತ್ತವೆ, ಆದ್ದರಿಂದ ಎದುರು ತುದಿಯ ಟೇಲ್‌ಸ್ಟಾಕ್ ಕಡೆಗೆ, ರಬ್ಬರ್ ಅಂಚು ಕೆಳಮುಖವಾಗುವಂತೆ ಇಟ್ಟೆ. ಆ ಬದಿ ಎರಕದ ಒರಟು ಮೈ. ಬಣ್ಣ ಕೆರೆದು, ಅರ ಹಾಕಿ, 4.2 ಮಿ.ಮೀ. ಡ್ರಿಲ್ ಹೊಡೆದು ಎಂ5 ಸ್ಕ್ರೂ ಕೂರುವಂತೆ ಟ್ಯಾಪ್ ಮಾಡಿದೆ. ಮ್ಯಾಗ್ನೆಟಿಕ್ ಸ್ಟ್ಯಾಂಡಿನ ಡಯಲ್ ಗೇಜನ್ನು ಸ್ಕೇಲಿನ ಮೈಗೆ ತಾಗಿಸಿ ಸ್ಲೈಡ್ ಓಡಿಸಿದರೆ ಒಂದು ತುದಿಯಿಂದ ಇನ್ನೊಂದಕ್ಕೆ 0.35 ವ್ಯತ್ಯಾಸ! ತಂಪು ಪಾನೀಯದ ಡಬ್ಬಿಯ ತಗಡು ಕತ್ತರಿಸಿ ಒಂದೊಂದೇ ಪದರ ಸೇರಿಸುತ್ತಾ ಹೋದೆವು. ಮಧ್ಯಾಹ್ನದ ಊಟ ತಪ್ಪಿತು, ಮುಳ್ಳು 0.05ರೊಳಗೆ ಬಂದು ನಿಂತಿತು.

ಇಷ್ಟು ಹಟ ಅಂಕಿಗಾಗಿ ಅಲ್ಲ. 100 ಮಿ.ಮೀ. ಉದ್ದಕ್ಕೆ ಪೂರ್ತಿ 1 ಮಿ.ಮೀ. ಓರೆಯಾದರೂ ಅಳತೆ ತಪ್ಪುವುದು ಸುಮಾರು 5 ಮೈಕ್ರಾನ್ ಅಷ್ಟೇ. ಆದರೆ ಓರೆ ಕೂತ ಸ್ಕೇಲಿನಲ್ಲಿ ರೀಡರ್ ಹೆಡ್ ಪ್ರತಿ ಸಲವೂ ತಿಕ್ಕಾಡಿ ಹಾಳಾಗುತ್ತದೆ.

ಮೋಟಾರ್ ಚಾಲೂ ಮಾಡಿದಾಗ ಅಂಕಿಗಳು ಕುಣಿದವು. ಅರ್ಥಿಂಗ್ ತಂತಿ ಬಿಗಿ ಮಾಡಿದ ಮೇಲೆ ಸುಮ್ಮನಾದವು. ಆಮೇಲೆ ಹಿಡಿಕೆಯನ್ನು ಒಳಗೆ ತಿರುಗಿಸಿ, ನಿಲ್ಲಿಸಿ, ಮೆಲ್ಲನೆ ಹಿಂದಕ್ಕೆ ತಿರುಗಿಸಿದೆ. ಹಿಡಿಕೆ ತಿರುಗುತ್ತಿತ್ತು. ಅಂಕಿ ಅಲುಗಲಿಲ್ಲ. ಡಯಲಿನ ಲೆಕ್ಕದಲ್ಲಿ 0.34 ದಾಟಿದ ಮೇಲೆ ಕೊನೆಯ ಅಂಕಿ ಮಿಸುಕಿತು. ಇಷ್ಟು ವರ್ಷ ಕೈಯಂದಾಜಿನಲ್ಲಿ ಕಳೆಯುತ್ತಿದ್ದ ಆ ಸಡಿಲ ಕಣ್ಣಮುಂದೆ ಬಂದಿತ್ತು. ಅದು ಹೋಗಿಲ್ಲ, ಕಾಣುತ್ತಿದೆ ಅಷ್ಟೇ. ಟೂಲನ್ನು ಈಗಲೂ ಒಂದೇ ದಿಕ್ಕಿನಿಂದ ತರುತ್ತೇನೆ.

ಒಂದು ತುಂಡು ಕಂಬಿ ಕಟ್ಟಿ ನೋಡಿದೆ. ವ್ಯಾಸದಲ್ಲಿ 0.40 ತೆಗೆಯಬೇಕಿದ್ದಲ್ಲಿ 0.80 ಹೋಯಿತು.

“ಅಪ್ಪಾ, ಅದು ತ್ರಿಜ್ಯ ತೋರಿಸುತ್ತಿದೆ, ವ್ಯಾಸ ಅಲ್ಲ,” ಎಂದಳು ಮಗಳು. ಮೆನುವಿನಲ್ಲಿ ಬದಲಿಸಿದೆವು.

ಮರುದಿನ ಸಂಜೆ ಗಿರಣಿಗೆಂದೇ ಹೊಸ ಶಾಫ್ಟ್ ಹಿಡಿದೆ. ಡಿಸ್ಪ್ಲೇ 25.20 ಎನ್ನುವಾಗ ಮೈಕ್ರೋಮೀಟರ್ 25.23 ಎಂದಿತು. ಡಿ.ಆರ್.ಒ. ಅಳೆಯುವುದು ಸ್ಲೈಡನ್ನು, ಕಡೆಯುತ್ತಿರುವ ಜಾಬನ್ನಲ್ಲ. ಟೂಲಿನ ಸವೆತ, ಶಾಫ್ಟಿನ ಬಾಗುವಿಕೆ ಅದಕ್ಕೆ ಗೊತ್ತಾಗುವುದಿಲ್ಲ. ಡಿಸ್ಪ್ಲೇಯಲ್ಲಿ 25.23 ಎಂದೇ ತುಂಬಿಸಿ ಕೊನೆಯ ಕಟ್ ಹಾಕಿದೆ. ಮೈಕ್ರೋಮೀಟರಿನಲ್ಲಿ 25.01, ಬೇರಿಂಗ್ ಬಿಗಿಯಾಗಿ ಕೂರುವಷ್ಟು. ಮರದ ಸುತ್ತಿಗೆ, ಒಂದು ತುಂಡು ಪೈಪು ಹಿಡಿದು ಒಳ ರಿಂಗಿನ ಮೇಲೆ ಬಡಿದಾಗ ಬೇರಿಂಗ್ ಇಷ್ಟಿಷ್ಟೇ ಇಳಿದು ಶಾಫ್ಟಿನ ಭುಜಕ್ಕೆ, ಅಂದರೆ ದಪ್ಪ ಭಾಗದ ಮೆಟ್ಟಿಲಿಗೆ, ತಾಗಿ ನಿಂತಿತು.

ಅಕ್ಕ ಹಣ ಎಷ್ಟೆಂದು ಕೇಳಿದರು. ಬೇಡವೆಂದೆ.

“ಇರಲಿ ಅಣ್ಣಾ, ಹಳೆಯದು ಯಾವಾಗ ಕೈ ಕೊಡುತ್ತದೋ,” ಎಂದು ಶಾಫ್ಟಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ತಕ್ಕಡಿಯ ಹಿಂದೆ ಇಟ್ಟುಕೊಂಡರು.